ನಡುಗೆರೆಯ ಎಡಕ್ಕೆ

ಸರ್ಪಸುತ್ತು ಎದ್ದ ಮೂರನೆಯ ಬೆಳಿಗ್ಗೆ ನಾನು ಡೇರೆಯೊಳಗೆ ಅಂಗಿ ಬಿಚ್ಚಿ ಕುಳಿತು, ಸರ್ಕಾರದ ಟೇಪಿನಿಂದ ನನ್ನ ಹೊಟ್ಟೆಯನ್ನೇ ಅಳೆದೆ. ಗುಳ್ಳೆಗಳು ಬೆನ್ನುಮೂಳೆಯ ಪಕ್ಕದಿಂದ ಹೊರಟು, ಎಡ ಪಕ್ಕೆಯನ್ನು ಬಳಸಿ, ಹೊಕ್ಕುಳಿನತ್ತ ಬರುತ್ತಿದ್ದವು. ನಮ್ಮ ಗುಂಡ್ಲುಪೇಟೆ ಕಡೆ ಅದನ್ನು ಹಾವು ಎಂದೇ ಭಾವಿಸುತ್ತಾರೆ. ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಂಬುತ್ತಾರೆ. ನಾನು ಓದಿದವನು. ರಸಮಟ್ಟದ ಗುಳ್ಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಹೋಗದಂತೆ ನಿಲ್ಲಿಸುವ ಕೆಲಸ ಮಾಡುತ್ತಿದ್ದವನು. ಆದರೂ ಅಳೆದೆ. ತಲೆಗೂ ಬಾಲಕ್ಕೂ ನಡುವೆ ಹದಿನೇಳು ಅಂಗುಲ ಉಳಿದಿತ್ತು. ಸಂಜೆಗೆ ಹದಿನಾರೂವರೆ. ಮರುದಿನ ಹದಿನಾರು. ಅಲ್ಲಿಗೆ ನಿಂತಿತು. ನನ್ನ ಸೊಂಟದ ಸುತ್ತಳತೆ ಮೂವತ್ತೆರಡು ಅಂಗುಲ. ಹಾವು ಸರಿಯಾಗಿ ಅರ್ಧಕ್ಕೆ ಬಂದು ನಿಂತಿದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಬದುಕಿದೆ ಎಂದಷ್ಟೇ ಅನಿಸಿತು.

ಉದಕಮಂಡಲದಾಚೆಯ ಕುಂದಾ ಕಣಿವೆಯಲ್ಲಿ ಆಗ ಒಂದು ಅಣೆಕಟ್ಟೂ ಇರಲಿಲ್ಲ. ಹೊಳೆಯನ್ನು ಮೇಲೆಯೇ ತಡೆದು, ನೀರನ್ನು ಬೆಟ್ಟದ ಪಕ್ಕೆಗುಂಟ ಕಾಲುವೆಯಲ್ಲಿ ತಂದು, ಕೊನೆಗೆ ಕೊಳವೆಯಲ್ಲಿ ಕೆಳಕ್ಕೆ ಧುಮುಕಿಸಿದರೆ ವಿದ್ಯುತ್ತು ಮಾಡಬಹುದೇ ಎಂದು ನೋಡಲು ನಮ್ಮ ಸಣ್ಣ ತಂಡವನ್ನು ಕಳಿಸಿದ್ದರು. ಮುಖ್ಯಸ್ಥರು ಒಬ್ಬ ಇಂಗ್ಲಿಷ್ ಎಂಜಿನಿಯರು. ನಾವು ಅವರನ್ನು ದೊರೆ ಎನ್ನುತ್ತಿದ್ದೆವು. ಕಾಲುವೆ ಹೋಗಬೇಕಾದ ದಾರಿಯಲ್ಲಿ ನೆಲದ ಎತ್ತರವನ್ನು ಅಳೆಯುವುದು ನನ್ನ ಪಾಲಿಗೆ ಬಂದಿತ್ತು. ನನ್ನ ಜೊತೆ ಅಳತೆಗೋಲು ಹಿಡಿಯುತ್ತಿದ್ದವರು ಆ ಕಡೆಯ ಹಟ್ಟಿಯೊಂದರ, ಬಡಗ ಜನದ ರೈತರೊಬ್ಬರು. ನನಗಿಂತ ಹದಿನೈದು ವರ್ಷ ದೊಡ್ಡವರು, ತಲೆಗೆ ಬಿಳಿಯ ಮುಂಡಾಸು, ಮಾತು ಕಡಿಮೆ. ನಾನು ಅವರನ್ನು ಗೌಡರೇ ಎನ್ನುತ್ತಿದ್ದೆ. ಅವರು ನನ್ನನ್ನು ಅಯ್ಯ ಎನ್ನುತ್ತಿದ್ದರು.

ಎರಡು ವಾರ ಡೇರೆಯಲ್ಲಿ ಮಲಗಿದೆ. ಅಡಿಗೆಯವನು ಕೆಮ್ಮಣ್ಣು ಅರೆದು ತಂದು ಹಚ್ಚಿದ. ಗುಳ್ಳೆಗಳು ಒಡೆದು, ಹಕ್ಕಳೆಗಟ್ಟಿ, ಉದುರಿದವು. ಹೊಸ ಚರ್ಮ ಬಂತು. ಎಲ್ಲರೂ ವಾಸಿಯಾಯಿತು ಎಂದರು. ನಾನೂ ಹಾಗೆಂದೇ ನಂಬಿ, ಅಂಗಿ ತೊಟ್ಟು ಕೆಲಸಕ್ಕೆ ಹೊರಟೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಿಂತುಬಿಟ್ಟೆ.

ಅಂಗಿಯ ಬಟ್ಟೆ ಪಕ್ಕೆಗೆ ಸವರಿತ್ತು, ಅಷ್ಟೆ. ಕಾದ ಬಾಣಲೆ ತಾಗಿದಂತೆ ಉರಿ ಬೆನ್ನಿನಿಂದ ಹೊಟ್ಟೆಯವರೆಗೆ ಓಡಿತು. ಅಂಗಿ ಎತ್ತಿ ನೋಡಿದರೆ ಏನೂ ಇಲ್ಲ. ತುಸು ಕಂದಿದ ಕಲೆಗಳು, ಅವುಗಳ ನಡುವೆ ನುಣುಪಾದ ಚರ್ಮ. ಕೈಯಿಂದ ಗಟ್ಟಿಯಾಗಿ ಒತ್ತಿದರೆ ನೋವಿಲ್ಲ. ಗಾಳಿ ಬಂದು ಬಟ್ಟೆ ಅಲುಗಿದರೆ ಪ್ರಾಣ ಹೋದಂತೆ. ಒಮ್ಮೊಮ್ಮೆ ಒಳಗೆ ಇರುವೆಗಳ ಸಾಲು ನಡೆದಂತೆ, ಒಮ್ಮೊಮ್ಮೆ ನೀರು ಸೋರಿದಂತೆ. ತುರಿಕೆ ಬರುತ್ತಿತ್ತು; ತುರಿಸಿದರೆ ಆ ಜಾಗ ಅಲ್ಲಿಲ್ಲ, ಇನ್ನೆಲ್ಲೋ ಇದೆ ಎನಿಸುತ್ತಿತ್ತು.

ಲೆವೆಲ್ ಕೆಲಸ ಮಾಡಿದವರಿಗೆ ಅದರ ಕ್ರಮ ಗೊತ್ತು. ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ಎತ್ತರ ಗೊತ್ತಿರುವ ಒಂದು ಗುರುತಿನ ಕಲ್ಲಿನಿಂದ ಹೊರಡಬೇಕು. ಮುಕ್ಕಾಲಿಯ ಮೇಲೆ ದೂರದರ್ಶಕವನ್ನು ಕೂರಿಸಿ, ರಸಮಟ್ಟ ನೋಡಿ, ಕಲ್ಲಿನ ಮೇಲೆ ನಿಲ್ಲಿಸಿದ ಕೋಲನ್ನು ಓದಬೇಕು. ಕೋಲಿನವರು ಮುಂದೆ ಹೋಗಿ ನಿಲ್ಲುತ್ತಾರೆ, ಮತ್ತೆ ಓದಬೇಕು. ಆಮೇಲೆ ನಾನು ಅವರನ್ನು ದಾಟಿ ಮುಂದೆ ಹೋಗಬೇಕು. ಹೀಗೆ ಒಬ್ಬರನ್ನೊಬ್ಬರು ದಾಟುತ್ತ ಮೈಲಿಗಟ್ಟಲೆ ಹೋಗಿ, ಬೇರೆ ದಾರಿಯಲ್ಲಿ ಹೊರಟ ಕಲ್ಲಿಗೇ ಹಿಂತಿರುಗಬೇಕು. ಹೊರಟಾಗಿನ ಎತ್ತರವೂ ಮುಟ್ಟಿದಾಗಿನ ಎತ್ತರವೂ ಒಂದೇ ಬಂದರೆ ನಡುವೆ ಬರೆದುದೆಲ್ಲ ನಿಜ. ಬರದಿದ್ದರೆ ಎಲ್ಲೋ ತಪ್ಪಿದೆ. ಎಲ್ಲಿ ಎಂದು ಪುಸ್ತಕ ಹೇಳುವುದಿಲ್ಲ.

ಆ ದೂರದರ್ಶಕದಲ್ಲಿ ಲೋಕ ತಲೆಕೆಳಗಾಗಿ ಕಾಣುತ್ತಿತ್ತು. ಗೌಡರು ನೆಲದಿಂದ ಕೆಳಕ್ಕೆ ತೂಗುಬಿದ್ದಂತೆ, ತಲೆಯ ಕೆಳಗೆ ಮೋಡ, ಪಾದಗಳ ಮೇಲೆ ಹುಲ್ಲು. ಕೋಲು ತೀರ ಹತ್ತಿರವಿದ್ದಾಗ ಕಿಂಡಿಯಲ್ಲಿ ಅದರ ಒಂದು ತುಣುಕಷ್ಟೇ ಕಾಣುತ್ತದೆ. ಎಷ್ಟನೆಯ ಅಡಿ ಎಂದು ಹೇಳುವ ಕೆಂಪು ಅಂಕಿ ಕಾಣುವುದಿಲ್ಲ. ಆಗ ಎಡಗೈಯನ್ನು ಮೇಲಕ್ಕೆತ್ತಿ ಸನ್ನೆ ಮಾಡಬೇಕು. ಕೋಲಿನವರು ಕೋಲನ್ನು ನಿಧಾನವಾಗಿ ಮೇಲೆತ್ತುತ್ತಾರೆ, ಕೆಂಪು ಅಂಕಿ ಕಿಂಡಿಗೆ ಬರುತ್ತದೆ.

ಎಡಗೈ ಎತ್ತಿದರೆ ಅಂಗಿ ಪಕ್ಕೆಯ ಮೇಲೆ ಸವರುತ್ತಿತ್ತು. ಮೊದಲೆರಡು ದಿನ ಹಲ್ಲು ಕಚ್ಚಿ ಎತ್ತಿದೆ. ಆಮೇಲೆ ಎತ್ತುವುದನ್ನು ಬಿಟ್ಟೆ. ಇಳಿಜಾರು ನೋಡಿ ಇದು ನಾಲ್ಕನೆಯ ಅಡಿಯೇ ಇರಬೇಕು, ಇದು ಏಳನೆಯದೇ ಎಂದು ಅಂದಾಜಿನ ಮೇಲೆ ಬರೆದುಕೊಳ್ಳತೊಡಗಿದೆ.

ಉರಿಯನ್ನಾದರೂ ತಡೆದುಕೊಳ್ಳಬಹುದಿತ್ತು. ನನ್ನನ್ನು ಕೆಡವಿದ್ದು ಬೇರೊಂದು. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಹೊಕ್ಕುಳಿನ ಎಡಕ್ಕೆ ಅಂಗೈಯಗಲದ ಜಾಗದಲ್ಲಿ ಬಿಸಿನೀರು ಬಿದ್ದದ್ದೇ ತಿಳಿಯಲಿಲ್ಲ. ಬೆರಳಿನಿಂದ ಮುಟ್ಟಿದೆ, ಬೇರೆ ಯಾರದೋ ಮೈ ಮುಟ್ಟಿದಂತಿತ್ತು. ಅಂಗಿಯ ಕೊರಳಪಟ್ಟಿಯಲ್ಲಿದ್ದ ಪಿನ್ನು ತೆಗೆದು ಚುಚ್ಚಿದೆ. ನೋವಾಗಲಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಗೆ ತೋಳಿನ ಮೇಲೆ ಇಂಥದೇ ಸ್ಪರ್ಶವಿಲ್ಲದ ಮಚ್ಚೆ ಬಂದಿತ್ತು. ಎರಡು ವರ್ಷದಲ್ಲಿ ಅವನು ಅಂಗಡಿ ಮುಚ್ಚಿದ. ಆಮೇಲೆ ಅವನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ದೊಡ್ಡ ರೋಗದವನು ಎನ್ನುತ್ತಿದ್ದರು; ಕುಷ್ಠ ಎಂಬ ಮಾತನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ಅವನ ಹೆಂಡತಿ ಅವನ ತಟ್ಟೆಯನ್ನು ಹೊಸಲಿನಾಚೆ ಇಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ.

ನನ್ನ ಹೆಂಡತಿ ಆಗ ತವರಿನಲ್ಲಿದ್ದಳು. ಹೆಣ್ಣುಮಗು ಹುಟ್ಟಿ ಎರಡು ತಿಂಗಳಾಗಿತ್ತು. ನಾನು ಇನ್ನೂ ನೋಡಿರಲಿಲ್ಲ. ‘ಹೆಸರಿಡಕ್ಕೆ ನಿಮ್ಮನ್ನೇ ಕಾಯ್ತಾ ಇದ್ದೀವಿ, ನಾಲ್ಕು ದಿನ ರಜ ಹಾಕಿ ಬನ್ನಿ’ ಎಂದು ಕಾಗದ ಬರೆದಿದ್ದಳು. ಕೆಲಸದ ಒತ್ತಡ, ಹೆಸರಿಟ್ಟುಬಿಡಿ ಎಂದು ಉತ್ತರ ಬರೆದೆ. ಸುಳ್ಳಾಗಿತ್ತು. ಮಗುವನ್ನು ಮುಟ್ಟಲು ನನಗೆ ಹೆದರಿಕೆಯಾಗಿತ್ತು.

ಆ ಹೆದರಿಕೆ ಹೇಗೆ ಬೆಳೆಯುತ್ತದೆ ಎಂಬುದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಮೊದಲು ದಿನಕ್ಕೊಮ್ಮೆ ಪಿನ್ನು ಚುಚ್ಚಿ ನೋಡುತ್ತಿದ್ದೆ. ಆಮೇಲೆ ಊಟಕ್ಕೆ ಮುಂಚೆ, ಊಟವಾದ ಮೇಲೆ. ಆಮೇಲೆ ಲೆವೆಲ್ ಇಟ್ಟ ಪ್ರತಿ ಜಾಗದಲ್ಲೂ. ಕಿವಿಯ ಹಾಲೆ ದಪ್ಪವಾಯಿತೇ ಎಂದು ಹಿಸುಕಿ ನೋಡುವುದು, ಹುಬ್ಬಿನ ಕೂದಲು ಎಣಿಸುವುದು, ಮೂಗು ಮುಟ್ಟಿಕೊಳ್ಳುವುದು. ಬೆಳಗಿನ ಚಳಿಗೆ ಬೆರಳು ಮರಗಟ್ಟಿದರೂ ಅಲ್ಲಿಗೂ ಬಂತು ಎನಿಸುತ್ತಿತ್ತು. ಅಂಗೈಯಗಲದ ಜಾಗದ ಸುತ್ತ ಸಣ್ಣ ಕೆಂಪು ಚುಕ್ಕೆಗಳು ಏಳತೊಡಗಿದಾಗ ಇನ್ನು ಸಂಶಯವಿಲ್ಲ ಎಂದುಕೊಂಡೆ. ತಟ್ಟೆ ಲೋಟ ಬೇರೆ ಮಾಡಿದೆ. ಜ್ವರದ ನೆಪ ಹೇಳಿ ಡೇರೆಯಲ್ಲಿ ಒಬ್ಬನೇ ಮಲಗತೊಡಗಿದೆ.

ಹೊರಟ ಕಲ್ಲಿಗೆ ನಾವು ಹಿಂತಿರುಗಿದ್ದು ಹನ್ನೊಂದನೆಯ ದಿನ. ಕಾಡು, ಜವುಗು, ಬಂಡೆ ಎಲ್ಲ ದಾಟಿ ನಾಲ್ಕು ಮೈಲಿಯ ಸುತ್ತು. ಜಿಗಣೆ ಕಚ್ಚಿದ ಕಾಲುಗಳನ್ನೂ ಒರೆಸದೆ ಕಲ್ಲಿನ ಪಕ್ಕ ಕುಳಿತು ಕೂಡಿಸಿ ಕಳೆದೆ. ಒಂದು ಅಡಿ ಎರಡು ಶತಾಂಶ ವ್ಯತ್ಯಾಸ ಬಂತು. ಮತ್ತೆ ಕೂಡಿಸಿದೆ. ಅಷ್ಟೇ ಬಂತು.

ಶತಾಂಶಗಳ ಮಾತು ಬಿಡಿ, ಇಡೀ ಒಂದು ಅಡಿ ಎಂದರೆ ಎಲ್ಲೋ ಒಂದು ಕಡೆ ಕೆಂಪು ಅಂಕಿಯನ್ನು ತಪ್ಪಾಗಿ ಊಹಿಸಿದ್ದೇನೆ ಎಂದೇ ಅರ್ಥ. ಆ ಕಾಲುವೆಗೆ ಸಾವಿರ ಅಡಿಗೆ ಒಂದು ಅಡಿಯಷ್ಟೇ ಇಳಿಜಾರು. ನನ್ನ ಅಂಕಿಗಳನ್ನು ನಂಬಿ ಅಗೆದರೆ ನೀರು ಒಂದು ಕಡೆ ಹೋಗದೆ ನಿಲ್ಲುತ್ತದೆ, ಇಲ್ಲವೇ ದಂಡೆ ಮೀರಿ ಬೆಟ್ಟವನ್ನೇ ಕೊಚ್ಚುತ್ತದೆ. ಕೆಳಗೆ ಹಟ್ಟಿಗಳಿದ್ದವು, ಆಲೂಗೆಡ್ಡೆ ಹೊಲಗಳಿದ್ದವು.

ಪುಸ್ತಕದಲ್ಲಿ ಒಂದು ಐದನ್ನು ಆರು ಮಾಡಿದರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಪೆನ್ಸಿಲು ಹಿಡಿದು ಯಾವ ಐದು ಎಂದು ಹುಡುಕುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ಗೌಡರು ಕೋಲನ್ನು ಒರೆಸಿ, ಮಡಿಸಿ, ಎದುರಿಗೆ ಬಂದು ಕುಳಿತರು.

“ಅಯ್ಯ, ನೀ ಈಗ ಕೈ ಎತ್ತುವುದೇ ಇಲ್ಲೆ” ಎಂದರು.

ನಾನು ಪೆನ್ಸಿಲು ಕೆಳಗಿಟ್ಟೆ.

“ಮುಂಚೆ ಕೈ ಎತ್ತುತ್ತಿದ್ದೆ, ನಾ ಕೋಲು ಎತ್ತುತ್ತಿದ್ದೆ. ಈಗ ಕೈ ಅಂಗಿ ಒಳಗೇ ಅದೆ. ಏನ ಬೇನೆ, ಹೇಗು.”

ಹೇಗು ಎಂದರೆ ಅವರ ಮಾತಿನಲ್ಲಿ ಹೇಳು ಎಂದು. ನಾನು ಹೇಳಿಬಿಟ್ಟೆ. ಮಚ್ಚೆ, ಪಿನ್ನು, ಬಟ್ಟೆ ವ್ಯಾಪಾರಿ, ನೋಡದ ಮಗು, ಎಲ್ಲ. ದೊಡ್ಡ ರೋಗ ಎಂಬ ಮಾತು ಬಾಯಿಂದ ಹೊರಬಿದ್ದಾಗ ಅವರು ಎದ್ದು ದೂರ ಹೋಗುತ್ತಾರೆ ಎಂದು ನೆಲ ನೋಡಿದೆ. ಅವರು ಎದ್ದದ್ದು ನಿಜ. ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತರು.

“ನಾಳೆ ದೊರೆಯ ಹತ್ತಿರ ಹೇಗು. ಅಂಕಿ ತಪ್ಪಿದರೆ ತಪ್ಪಿತು, ಇನ್ನೊಂದು ಸಲ ನಡೆಯುವ. ಎನ್ನ ಕಾಲಿಗೆ ಏನೂ ಆಗಿಲ್ಲೆ” ಎಂದರು. “ಎನ್ನ ಅವ್ವೆಯನ್ನ ಒಂದು ಸಲ ನೋಡು” ಎಂದೂ ಸೇರಿಸಿದರು. ಯಾಕೆ ಎಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ದೊರೆಯ ಮೇಜಿನ ಮೇಲೆ ಪುಸ್ತಕ ಇಟ್ಟು, ಕೈ ಎತ್ತದೆ ಅಂದಾಜಿನಿಂದ ಓದಿದ ಸಂಗತಿಯನ್ನು ಹೇಳಿದೆ. ಯಾವ ಯಾವ ಓದುಗಳು ಅಂದಾಜಿನವು ಎಂದು ನನಗೇ ಗೊತ್ತಿಲ್ಲ, ಆದ್ದರಿಂದ ಹನ್ನೊಂದು ದಿನದ್ದೂ ಹೊಡೆದುಹಾಕಬೇಕು ಎಂದೆ. ಕೆಲಸ ಹೋಯಿತು ಎಂದೇ ಸಿದ್ಧನಾಗಿದ್ದೆ. ಅವರು ಪುಟಗಳನ್ನು ಒಂದೊಂದಾಗಿ ತಿರುವಿದರು. ಪ್ರತಿ ಪುಟದ ಮೇಲೂ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಆಮೇಲೆ ತಲೆಯೆತ್ತಿ, ಹತ್ತು ದಿನ ರಜ, ಮೊದಲು ಉದಕಮಂಡಲದ ಆಸ್ಪತ್ರೆ, ಬಂದ ಮೇಲೆ ಮೊದಲ ಕಲ್ಲಿನಿಂದ ಶುರು ಎಂದರು. ಮಳೆ ಹಿಡಿಯುವುದಕ್ಕೆ ಒಂದೂವರೆ ತಿಂಗಳಿದೆ, ಅಷ್ಟರಲ್ಲಿ ಸುತ್ತು ಮುಗಿಯಬೇಕು ಎಂದೂ ಹೇಳಿದರು. ಅಷ್ಟೇ.

ಉದಕಮಂಡಲಕ್ಕೆ ಆಲೂಗೆಡ್ಡೆ ಗಾಡಿಗಳು ಹೊರಡುವ ಜಾಗಕ್ಕೆ ಹೋಗುವ ದಾರಿಯಲ್ಲೇ ಗೌಡರ ಹಟ್ಟಿ. ಸಾಲಾಗಿ ಒಂದಕ್ಕೊಂದು ಅಂಟಿದ ಮನೆಗಳು, ಮುಂದೆ ಸಗಣಿ ಸಾರಿಸಿದ ಅಂಗಳ, ಕೆಳಗೆ ಕಣಿವೆ ತುಂಬ ಬಿಳಿಯ ಮಂಜು. ಅವರ ತಾಯಿ ಅಂಗಳದಲ್ಲಿ ಬಿಸಿಲಿಗೆ ಕುಳಿತು ಸಾಮೆ ಹಸನು ಮಾಡುತ್ತಿದ್ದರು. ಹಣೆಯ ಮೇಲೆ ಹಚ್ಚೆಯ ಚುಕ್ಕೆಗಳು. ಮಗ ಅವರ ಕಿವಿಯಲ್ಲಿ ಏನೋ ಹೇಳಿದರು. ಮುದುಕಿ ಮೊರ ಕೆಳಗಿಟ್ಟರು. ಅವರ ಮಾತಿನಲ್ಲಿ ಅರ್ಧ ನನ್ನ ಕಿವಿಗೆ ಹಳೆಗನ್ನಡದಂತೆ ಕೇಳಿ ಜಾರಿಹೋಗುತ್ತಿತ್ತು, ಉಳಿದದ್ದನ್ನು ಬರೆಯುತ್ತೇನೆ.

“ಬಾ ಮಗ, ಕುಳಿ. ಎಲ್ಲಿ, ತೋರು.”

ನಾನು ಸಂಕೋಚದಿಂದ ಅಂಗಿ ಎತ್ತಿದೆ. ಅವರು ಮುಟ್ಟಲಿಲ್ಲ. ಕಣ್ಣಿನಿಂದಲೇ ಬೆನ್ನಿನಿಂದ ಹೊಕ್ಕುಳವರೆಗೆ ನೋಡಿ ತಲೆಯಾಡಿಸಿದರು. ಆಮೇಲೆ ತಮ್ಮ ಬಲ ಪಕ್ಕೆಯ ಮೇಲೆ ಕೈಯಿಟ್ಟು, “ಎನಗೂ ಬಂದಿತ್ತು. ಇವ ಹುಟ್ಟುವ ಮುಂಚೆ. ಇನ್ನೂ ಅದೆ” ಎಂದರು.

ಗೌಡರಿಗೆ ನಲವತ್ತೈದು ವರ್ಷ. ನಾನು ಅವರ ಮುಖ ನೋಡಿದೆ, ಅವರು ತಾಯಿಯ ಮುಖ ನೋಡುತ್ತಿದ್ದರು.

“ಈಗಲೂ ಉರಿಯುತ್ತದೆಯೇ ಅಜ್ಜಿ?” ಎಂದೆ.

“ಮಂಜು ಬಂದಲೆ ಉರಿತರ. ಗಾಳಿ ಬಂದಲೆ ಉರಿತರ. ಒಂದು ಜಾಗ ಸತ್ತು ಹೋಗಿಬಿಟ್ಟದೆ, ಕೆಂಡ ಬಿದ್ದಲೂ ಗೊತ್ತಿಲ್ಲೆ.” ನಕ್ಕರು. “ಏಳು ಮಕ್ಕಳನ್ನ ಹೆತ್ತೆ. ಹೊಲ ಮಾಡಿದೆ. ಎನ್ನ ಕೈ ನೋಡು.”

ಎರಡು ಕೈಗಳನ್ನೂ ಮುಂದೆ ಚಾಚಿದರು. ಹತ್ತು ಬೆರಳುಗಳು. ಮಣ್ಣು ಕೆದಕಿ ಕೆದಕಿ ಗಂಟುಗಟ್ಟಿದ್ದರೂ ಒಂದೂ ಸವೆದಿರಲಿಲ್ಲ, ಒಂದೂ ಬಾಗಿರಲಿಲ್ಲ. ನಾನು ಆ ಬೆರಳುಗಳನ್ನು ಎಣಿಸಿದೆ. ನಿಜವಾಗಿ ಎಣಿಸಿದೆ.

“ಸಡಿಲ ಬಟ್ಟೆ ಹಾಕಬೇಡ, ಅದು ಸವರುತ್ತೆ. ಬಿಗಿಯಾಗಿ ಕಟ್ಟು” ಎನ್ನುತ್ತ ತಮ್ಮ ಎದೆಯ ಸುತ್ತ ಬಿಗಿದುಟ್ಟ ಬಿಳಿಯ ಬಟ್ಟೆಯನ್ನು ತಟ್ಟಿ ತೋರಿಸಿದರು. ಒಳಗಿನಿಂದ ಉದ್ದನೆಯ ಹತ್ತಿಬಟ್ಟೆ ತರಿಸಿ, ಒಂದು ತುದಿಯನ್ನು ಮಗನಿಗೆ ಹಿಡಿಸಿ, ನನ್ನನ್ನೇ ಗರಗರ ಸುತ್ತಿಸಿ ಬಿಗಿದರು. ಮೊದಲ ಸುತ್ತಿಗೆ ಕಣ್ಣಲ್ಲಿ ನೀರು ಬಂತು. ನಾಲ್ಕನೆಯ ಸುತ್ತಿಗೆ ಉರಿ ತಗ್ಗಿತು. ತಿಂಗಳೊಂದರ ಮೇಲೆ ಮೊದಲ ಸಲ, ಹಲ್ಲು ಕಚ್ಚದೆ, ಎಡಗೈಯನ್ನು ತಲೆಯ ಮೇಲಕ್ಕೆತ್ತಿದೆ. ಹಾಗೇ ಎತ್ತಿಕೊಂಡು ನಿಂತುಬಿಟ್ಟೆ.

ಹಟ್ಟಿ ದಾಟಿದ ಮೇಲೆ ಗೌಡರು, “ಎನಗೆ ಗೊತ್ತಿದ್ದದ್ದು ಹಳೇ ಹುಣ್ಣಿನ ಗುರುತು ಅದೆ ಅಂತ ಮಾತ್ರ. ಈಗಲೂ ಬೇನೆ ಅದೆ ಅಂತ ಅವ್ವೆ ಒಂದು ದಿನವೂ ಹೇಳಿಲ್ಲೆ” ಎಂದರು. ಅವರ ದನಿ ಸಣ್ಣದಾಗಿತ್ತು.

ಉದಕಮಂಡಲದ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಮಂಗಳೂರಿನ ಕಡೆಯ ಒಬ್ಬ ವೈದ್ಯರು. ಕನ್ನಡ ಕೇಳಿ ನನಗೆ ಸಮಾಧಾನವಾಯಿತು, ಹೆದರಿಕೆಯೂ ಆಯಿತು. ಅವರು ಹೇಳುವುದನ್ನು ತಪ್ಪಾಗಿ ತಿಳಿದುಕೊಂಡೆ ಎನ್ನಲು ಇನ್ನು ಆಗುವುದಿಲ್ಲವಲ್ಲ. ನಾನು ದೊಡ್ಡ ರೋಗ ಎಂದೆ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಂಗಿ ಬಿಚ್ಚಿ ಕಿಟಕಿಯ ಬೆಳಕಿಗೆ ನಿಲ್ಲಿ ಎಂದರು.

ಒಂದು ಗಂಟೆ ಪರೀಕ್ಷೆ ಮಾಡಿದರು. ಮೊಳಕೈಯ ಒಳಗೆ ಬೆರಳಿಟ್ಟು ನರವನ್ನು ಉರುಳಿಸಿ ನೋಡಿದರು. ಕತ್ತಿನ ಪಕ್ಕ, ಮಂಡಿಯ ಹಿಂದೆ, ಕಿವಿಯ ಹಾಲೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮೈ ಸವರುತ್ತ, “ಈಗ? ಈಗ?” ಎಂದು ಕೇಳಿದರು. ಒಂದು ಗಾಜಿನ ನಳಿಗೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿ, ಯಾವುದು ಯಾವುದು ಎಂದು ಹೇಳಿಸಿದರು. ನಾನು ಹೇಳುತ್ತ ಹೋದಂತೆ ನೀಲಿ ಪೆನ್ಸಿಲಿನಿಂದ ನನ್ನ ಮೈಮೇಲೆ ಗೆರೆ ಎಳೆಯುತ್ತಿದ್ದರು. ಸ್ಪರ್ಶ ಬದಲಾಗುವ ಅಂಚು ಎಲ್ಲಿದೆಯೋ ಅಲ್ಲೆಲ್ಲ ಒಂದು ಗುರುತು. ನನ್ನದೇ ಕೆಲಸವನ್ನು ಬೇರೊಬ್ಬರು ನನ್ನ ಮೇಲೆ ಮಾಡುತ್ತಿದ್ದರು. ನನಗಿಂತ ಜಾಗರೂಕತೆಯಿಂದ ಮಾಡುತ್ತಿದ್ದರು.

“ಕಣ್ಣು ಬಿಡಿ. ಕನ್ನಡಿ ನೋಡಿ” ಎಂದರು.

ಎಡಬದಿಯಲ್ಲಿ ಒಂದು ಪಟ್ಟಿ. ಬೆನ್ನುಮೂಳೆಯಿಂದ ಹೊರಟು, ಪಕ್ಕೆ ಬಳಸಿ, ಸ್ವಲ್ಪ ಇಳಿದು, ಹೊಕ್ಕುಳಿಗೆ ಬಂದು ನಿಂತಿತ್ತು. ಹೊಕ್ಕುಳಿನ ಮೇಲೂ ಕೆಳಗೂ ನೀಲಿ ಗೆರೆ ನೆಟ್ಟಗೆ ಲಂಬವಾಗಿತ್ತು, ತೂಗುಗುಂಡು ಇಳಿಬಿಟ್ಟು ಎಳೆದ ಹಾಗೆ. ಅದರ ಬಲಕ್ಕೆ ಒಂದು ಕೂದಲಿನಷ್ಟೂ ದಾಟಿರಲಿಲ್ಲ.

ವೈದ್ಯರು ದಪ್ಪ ಪುಸ್ತಕವೊಂದನ್ನು ತೆರೆದು ಒಂದು ಚಿತ್ರ ತೋರಿಸಿದರು. ಒಬ್ಬ ಮನುಷ್ಯನ ಮೈತುಂಬ ಅಡ್ಡಪಟ್ಟಿಗಳು. ಒಂದೊಂದು ಪಟ್ಟಿಯೂ ಬೆನ್ನಿನಿಂದ ಹೊರಡುವ ಒಂದೊಂದು ನರದ ಸೀಮೆ. ಅವುಗಳಲ್ಲೊಂದು ನನ್ನ ನೀಲಿ ಗೆರೆಯ ಆಕಾರದಲ್ಲೇ ಇತ್ತು. ನನ್ನನ್ನು ಕಂಡರಿಯದ ಯಾರೋ, ಸಮುದ್ರದಾಚೆ, ನಾನು ಮಲಗಿದ್ದ ಡೇರೆಯಲ್ಲಿ ಗುಳ್ಳೆಗಳು ಎಲ್ಲಿ ನಿಲ್ಲುತ್ತವೆ ಎಂದು ಮೊದಲೇ ಬರೆದಿಟ್ಟಿದ್ದ. ಡೇರೆಯೊಳಗೆ ಟೇಪಿನಲ್ಲಿ ಕಂಡ ಹದಿನಾರು ಅಂಗುಲ ಆಗ ನೆನಪಾಯಿತು. ಹಾವು ನನ್ನ ಮೇಲೆ ಕರುಣೆಯಿಂದ ನಿಂತದ್ದಲ್ಲ. ಅದರ ನರ ಅಲ್ಲಿಗೆ ಮುಗಿದಿತ್ತು. ಎಲ್ಲ ಮನುಷ್ಯರಲ್ಲೂ ಅಲ್ಲಿಗೇ ಮುಗಿಯುತ್ತದೆ.

“ಬೆನ್ನುಮೂಳೆಯ ಹತ್ತಿರ ನರದ ಬುಡದಲ್ಲಿ ಒಂದು ಸಣ್ಣ ಗಂಟುಂಟು. ಬೆಂಕಿ ಬಿದ್ದದ್ದು ಅಲ್ಲಿ. ಚರ್ಮ ವಾಸಿಯಾಯ್ತು, ಅಲ್ಲಿ ಆಗಲಿಲ್ಲ. ಅದು ಸುಳ್ಳು ಸುದ್ದಿ ಕಳಿಸ್ತಾ ಉಂಟು. ಕೆಲವು ಕಡೆ ಸುದ್ದಿಯೇ ಇಲ್ಲ” ಎಂದರು. “ಮತ್ತೆ ಆ ದೊಡ್ಡ ರೋಗ ಉಂಟಲ್ಲ, ಅದರ ಮಚ್ಚೆ ಹೀಗೆ ನಡುಗೆರೆಯವರೆಗೆ ಬಂದು, ಅಪ್ಪಣೆ ಕೇಳಿ ನಿಲ್ಲುವುದಿಲ್ಲ ಮಾರಾಯ್ರೆ. ನಿಮಗೆ ಅದಿಲ್ಲ.”

“ಹಾಗಾದರೆ ಈ ಕೆಂಪು ಚುಕ್ಕೆಗಳು?”

ಅವರು ಬಗ್ಗಿ ನೋಡಿದರು. “ನಿಮ್ಮ ಪಿನ್ನು ಎಲ್ಲಿ?”

ಕೊರಳಪಟ್ಟಿಯಿಂದ ತೆಗೆದು ಕೊಟ್ಟೆ. ತುದಿ ತುಕ್ಕು ಹಿಡಿದಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಒಂದೊಂದೇ ಚುಕ್ಕೆಯನ್ನು ಬೆರಳಿನಿಂದ ತೋರಿಸಿದರು. “ಇದು ನೀವು. ಇದೂ ನೀವು. ಇದೂ. ದಿನಕ್ಕೆಷ್ಟು ಸಲ?”

“ಎಣಿಸಿಲ್ಲ.”

“ಅಳೆಯುವವರು ನೀವು, ಎಣಿಸಿಲ್ಲ ಅಂತ ಹೇಳ್ತೀರಲ್ಲ.” ನಗಲಿಲ್ಲ, ಬೈಯಲೂ ಇಲ್ಲ. “ಈ ಉರಿ ಯಾವಾಗ ಹೋಗ್ತದೆ ಅಂತ ನನಗೆ ಗೊತ್ತಿಲ್ಲ. ಆರು ತಿಂಗಳಿರಬಹುದು, ಎರಡು ವರ್ಷ ಇರಬಹುದು. ಹೋಗದೆಯೂ ಇರಬಹುದು. ಅದಕ್ಕೆ ನಾನು ಎಂತ ಮಾಡ್ಲಿಕ್ಕೂ ಆಗುವುದಿಲ್ಲ. ಆದರೆ ಹೆದರಿಕೆಗೆ ಮಾಡಬಹುದು. ಭಾನುವಾರ ಬೆಳಿಗ್ಗೆ ಒಂದು ಸಲ, ಹತ್ತಿಯಿಂದ, ಅಂಚು ಸರಿದಿದೆಯೋ ಅಂತ ನೋಡಿ. ಸರಿದಿದ್ದರೆ ಬನ್ನಿ. ಬಾಕಿ ಆರು ದಿನ ಮುಟ್ಟಬೇಡಿ.”

ಪಿನ್ನನ್ನು ಅವರು ಹಿಂದಿರುಗಿಸಲಿಲ್ಲ.

ಆ ಸಂಜೆ ಹೆಂಡತಿಗೆ ಕಾಗದ ಬರೆದು, ನಡೆದುದೆಲ್ಲವನ್ನೂ ತಿಳಿಸಿದೆ. ಕೆಲಸದ ಒತ್ತಡ ಎಂದದ್ದು ಸುಳ್ಳು ಎಂಬುದನ್ನೂ ಬರೆದೆ. ರಜ ಉಳಿದಿತ್ತು, ಆದರೆ ಹೋಗಿ ಮಗುವನ್ನು ಮುಟ್ಟುವ ಧೈರ್ಯ ಇನ್ನೂ ಬಂದಿರಲಿಲ್ಲ. ಸುತ್ತು ಮುಗಿದ ಮೇಲೆ, ಮಳೆಗೆ ಮುಂಚೆ, ಮಗುವನ್ನು ಕರೆದುಕೊಂಡು ಬಾ ಎಂದೆ.

ಭಾನುವಾರಗಳು ಸುಲಭ. ಮಧ್ಯದ ಆರು ದಿನಗಳದೇ ಕಷ್ಟ. ರೋಗವಿಲ್ಲ ಎಂದು ತಿಳಿದ ಮಾತ್ರಕ್ಕೆ ಹೆದರಿಕೆ ಗಂಟು ಕಟ್ಟಿಕೊಂಡು ಹೊರಡುವುದಿಲ್ಲ. ಸೋಮವಾರ ಮಧ್ಯಾಹ್ನದ ಹೊತ್ತಿಗೆಲ್ಲ ಕೈ ತಾನಾಗಿ ಅಂಗಿಯ ಕಡೆ ಹೋಗುತ್ತಿತ್ತು. ವೈದ್ಯರು ಸರಿಯಾಗಿ ನೋಡಿದರೇ, ಮಂಡಿಯ ಹಿಂದೆ ಎರಡೂ ಕಡೆ ಮುಟ್ಟಿದರೇ ಎಂಬ ಯೋಚನೆ ಬರುತ್ತಿತ್ತು. ಗೌಡರಿಗೆ ಹೇಳಿಟ್ಟಿದ್ದೆ. ನನ್ನ ಕೈ ಅತ್ತ ಹೋಗುವುದು ಕಂಡರೆ ಅವರು ದೂರದಿಂದಲೇ ಕೋಲಿನ ಬುಡವನ್ನು ಕಲ್ಲಿಗೆ ಒಮ್ಮೆ ತಟ್ಟುತ್ತಿದ್ದರು. ಟಕ್ ಎಂದು ಕಣಿವೆಯಲ್ಲಿ ಕೇಳುತ್ತಿತ್ತು. ಮೊದಲ ದಿನ ಎಷ್ಟು ಸಲ ತಟ್ಟಿದರೆಂದರೆ ಸಂಜೆ ಅವರೇ ನಗುತ್ತ, “ಎನ್ನ ಕೋಲು ಸವೆದುಹೋದರೆ ನಿನ್ನ ಅಳತೆ ಮತ್ತೆ ತಪ್ಪುತ್ತೆ” ಎಂದರು. ಮಂಜಿನಿಂದಲೂ ಪ್ರತಿ ಓದನ್ನು ಎರಡೆರಡು ಸಲ ನೋಡುತ್ತಿದ್ದುದರಿಂದಲೂ ಈ ಸಲದ ಸುತ್ತಿಗೆ ತಿಂಗಳು ಹಿಡಿಯಿತು. ಎರಡನೆಯ ವಾರಕ್ಕೆ ತಟ್ಟುವುದು ಕಡಿಮೆಯಾಯಿತು. ನಾಲ್ಕನೆಯ ವಾರದಲ್ಲಿ ಒಂದು ಇಡೀ ದಿನ ತಟ್ಟಲಿಲ್ಲ ಎಂಬುದು ನನಗೆ ಗೊತ್ತಾದದ್ದು ಮರುದಿನ.

ಉರಿ ಮಾತ್ರ ಹಾಗೇ ಇತ್ತು. ಬಿಗಿದ ಬಟ್ಟೆಯ ಕೆಳಗೆ ಅದು ಮೇಲೇಳುವುದು, ಇಳಿಯುವುದು. ಕೈ ಎತ್ತುತ್ತಿದ್ದೆ, ಕೋಲು ಏಳುತ್ತಿತ್ತು, ಕೆಂಪು ಅಂಕಿ ಕಿಂಡಿಗೆ ಬರುತ್ತಿತ್ತು. ಬರೆಯುತ್ತಿದ್ದೆ.

ಸುತ್ತು ಮುಗಿಯುವ ಹಿಂದಿನ ದಿನ ಒಂದು ಕಡಿದಾದ ಅಂಚಿನಲ್ಲಿ ಮುಕ್ಕಾಲಿ ನಿಲ್ಲಿಸಿದ್ದೆ. ಮಂಜು ಕವಿದು ಕೋಲು ಕಾಣದೆ ಕಾಯುತ್ತ ಕುಳಿತೆವು. ಕೆಳಗೆಲ್ಲೋ ಹೊಳೆಯ ಸದ್ದು. ಒಮ್ಮೆಲೇ ಮಂಜು ಹರಿದು ಬಿಸಿಲು ಬಿತ್ತು. ಎರಡು ಸಾವಿರ ಅಡಿ ಕೆಳಗೆ ನೀರು ಬೆಳ್ಳಗೆ ತಿರುಗಿಕೊಂಡು ಹೋಗುತ್ತಿತ್ತು, ಅದರಾಚೆ ಬೆಟ್ಟದ ಮೇಲೆ ಬೆಟ್ಟ, ಬಯಲು ಸೀಮೆಯ ಮಬ್ಬಿನವರೆಗೆ. ಕುಂದಾ ಕಣಿವೆಯನ್ನು ಮೂರು ತಿಂಗಳಿಂದ ಅಳೆಯುತ್ತಿದ್ದೆ. ನೋಡಿರಲಿಲ್ಲ. ನನ್ನ ಅಂಗೈಯಗಲದ ಚರ್ಮವನ್ನಷ್ಟೇ ನೋಡುತ್ತ ಇದರ ನಡುವೆ ನಡೆದಾಡಿದ್ದೆ. ಗೌಡರು ಕೋಲು ಹಿಡಿದು ಕಾಯುತ್ತಿದ್ದರು. ಬೇಗ ಬೇಗ ಎನ್ನಲಿಲ್ಲ.

ಮರುದಿನ ಕಲ್ಲಿಗೆ ಮುಟ್ಟಿದೆವು. ಕೂಡಿಸಿ ಕಳೆದೆ. ನಾಲ್ಕು ಮೈಲಿಗೆ ಮೂರು ಶತಾಂಶ ಅಡಿ ವ್ಯತ್ಯಾಸ. ಒಂದು ಉಗುರಿನ ಅಗಲವೂ ಅಲ್ಲ. ಪುಸ್ತಕವನ್ನು ಗೌಡರಿಗೆ ತೋರಿಸಿದೆ. ಅವರಿಗೆ ಓದು ಬರುತ್ತಿರಲಿಲ್ಲ. ನಾನು ಬೆರಳಿನ ಮೇಲೆ ಉಗುರಿನಿಂದ ಗುರುತು ಮಾಡಿ ಇಷ್ಟೇ ಎಂದೆ. ಅವರು ಹಿಂದೆ ತಿರುಗಿ, ನಾವು ದಾಟಿ ಬಂದ ಬೆಟ್ಟಗಳನ್ನು ಒಮ್ಮೆ ನೋಡಿ, ಮುಂಡಾಸು ತೆಗೆದು ಮತ್ತೆ ಕಟ್ಟಿಕೊಂಡರು.

ದೊರೆಗೆ ಪುಸ್ತಕ ಒಪ್ಪಿಸಿದ ಮೂರನೆಯ ದಿನ ನನ್ನ ಹೆಂಡತಿ ಗೂಡಲೂರು ಮೇಲೆ ಬರುವ ಮೋಟಾರಿನಲ್ಲಿ ಉದಕಮಂಡಲಕ್ಕೆ ಬಂದಳು. ಅವಳ ಅಣ್ಣ ಜೊತೆಯಲ್ಲಿದ್ದರು. ಘಾಟಿಯ ತಿರುವುಗಳಿಗೆ ಅವಳ ಮುಖ ಬಾಡಿತ್ತು. ಮಗುವನ್ನು ಕಂಬಳಿಯಲ್ಲಿ ಮೂಗಿನವರೆಗೆ ಸುತ್ತಿದ್ದಳು. ನಾನು ಎದುರು ನಿಂತೆ. ಕೈ ಮುಂದೆ ಬರಲಿಲ್ಲ.

“ನಿಮ್ಮ ಕಾಗದ ಎರಡು ಸಲ ಓದಿದೆ” ಎಂದಳು. “ಒಂದು ಸಲ ಅತ್ಕೊಂಡೆ, ಒಂದು ಸಲ ಬೈಕೊಂಡೆ. ಈಗ ಹಿಡ್ಕೊಳ್ಳಿ, ಕೈ ಸೋತೋಗಿದೆ.”

ಮಗುವನ್ನು ಎತ್ತಿ ಎದೆಗೆ ಒರಗಿಸಿಕೊಂಡೆ. ಅದು ನಿದ್ದೆಯಿಂದೆದ್ದು, ಕಂಬಳಿ ಒದ್ದು, ನನ್ನ ಹೊಟ್ಟೆಯ ಮೇಲೆ ಎರಡು ಕಾಲೂ ಊರಿ ನೆಟ್ಟಗೆ ನಿಲ್ಲಲು ನೋಡಿತು. ಒಂದು ಕಾಲು ಹೊಕ್ಕುಳಿನ ಬಲಕ್ಕೆ, ಒಂದು ಎಡಕ್ಕೆ, ಸತ್ತ ಜಾಗದ ಅಂಚು ದಾಟಿ, ಬಟ್ಟೆಯನ್ನು ಸವರುತ್ತ. ಬಲಗಡೆ ಇದ್ದದ್ದು ಬರೀ ಒಂದು ಮಗುವಿನ ಪಾದ. ಮೆತ್ತಗೆ, ಬೆಚ್ಚಗೆ, ಐದು ಪುಟ್ಟ ಬೆರಳುಗಳು ಬೇರೆ ಬೇರೆಯಾಗಿ ತಿಳಿಯುವಂತೆ. ಎಡಗಡೆಯದು ಉರಿ. ಎರಡೂ ಒಂದೇ ಸಲ ಒತ್ತುತ್ತಿದ್ದವು, ಎರಡೂ ಮಗಳವೇ.

ಹೆಂಡತಿ ನನ್ನ ಮುಖ ನೋಡಿ ಕೈ ಚಾಚಿದಳು. “ನೋವಾಗ್ತಾ ಇದೆಯಾ? ಇತ್ತ ಕೊಡಿ.”

“ಆಗ್ತಾ ಇದೆ” ಎಂದೆ. “ಇನ್ನೂ ಸ್ವಲ್ಪ ಹೊತ್ತು ನಾನೇ ಎತ್ಕೊಂಡಿರ್ತೀನಿ.”